ಮಂಗಳವಾರದ ದೋಸೆ ಮತ್ತು ಮೊಮ್ಮಗಳ ಗುರಿಪಟ್ಟಿ

ಮೊಮ್ಮಗಳಿಗೆ ಲೀಡ್ ಕೆಲಸ ಸಿಕ್ಕಿತು ಎಂಬ ಸುದ್ದಿ ಮೊದಲು ತಲುಪಿದ್ದು ಮಲಾಡಿನ ಅಜ್ಜನಿಗೆ, ಆಮೇಲೆ ನನಗೆ. ಸಂತೋಷದ ಸಂಗತಿ ಬರೆಯಬೇಕೆಂದು ಕೂತವನು ಇದನ್ನೇ ಮೊದಲು ಬರೆಯುತ್ತಿದ್ದೇನೆ. ಬರೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬರೀ ಅರ್ಧ ಗಂಟೆಯ ವ್ಯತ್ಯಾಸ ಅಲ್ಲವೇ ಎಂದಳು ಹೆಂಡತಿ. ಅರ್ಧ ಗಂಟೆ ಎಂದರೆ ನಮ್ಮ ಹೋಟೆಲಿನಲ್ಲಿ ಎಂಬತ್ತು ದೋಸೆ.

ಮಲಾಡಿನ ಅಜ್ಜ ಎಂದರೆ ನನ್ನ ಸೊಸೆಯ ತಂದೆ, ರಾಯರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಇಂಗ್ಲಿಷ್ ಪೇಪರನ್ನು ಕೊನೆಯ ಪುಟದವರೆಗೆ ಓದುವವರು. ನಾನು ರಾತ್ರಿ ಶಾಲೆಯಲ್ಲಿ ಐದನೆಯ ಇಯತ್ತೆಗೆ ಪುಸ್ತಕ ಮುಚ್ಚಿದವನು, ಚೆಂಬೂರಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯ ಮುಖ್ಯಸ್ಥ. ಮೊಮ್ಮಗಳ ಆಫೀಸು ಮಲಾಡಿನಲ್ಲಿ. ಚೆಂಬೂರಿನಿಂದ ಕುರ್ಲಾದಲ್ಲೊಮ್ಮೆ, ದಾದರಿನಲ್ಲೊಮ್ಮೆ ಲೋಕಲ್ ಬದಲಿಸಿ ದಿನಾ ಹೋಗಿಬರುವುದು ಕಷ್ಟವೆಂದು ವಾರದ ಐದು ದಿನ ಅವಳು ಅಲ್ಲಿಯೇ ಇರುತ್ತಾಳೆ. ಶನಿವಾರ ಬೆಳಿಗ್ಗೆ ನಮ್ಮಲ್ಲಿಗೆ ಬರುತ್ತಾಳೆ. ಐದು ದಿನ ಅವರಿಗೆ, ಎರಡು ದಿನ ನಮಗೆ.

ಸಂತೋಷವೇನೂ ಸಣ್ಣದಾಗಿರಲಿಲ್ಲ. ಆ ದಿನ ಹೆಸರುಬೇಳೆ ಪಾಯಸ ಮಾಡಿಸಿ ಬಂದ ಗಿರಾಕಿಗಳಿಗೆಲ್ಲ ಒಂದೊಂದು ವಾಟಿ ಕೊಟ್ಟೆ. ಧಣಿಗಳು ಗಲ್ಲಾದಿಂದ ನೋಡುತ್ತಿದ್ದರು. ಮೊಮ್ಮಗಳು ಏನು ಕೆಲಸ ಮಾಡುವುದು ಎಂದು ಕೇಳಿದವರಿಗೆ ನಾನು ಹೇಳಿದ್ದು ಒಂದೇ: ಅವಳದ್ದು ಉಗ್ರಾಣದ ಕೆಲಸ. ಊರ ತುಂಬ ಇರುವ ಲ್ಯಾಬುಗಳಲ್ಲಿ ರಕ್ತ ಕೊಟ್ಟವರ ವರದಿಗಳು ಅವರ ಕಂಪನಿಯ ಕಂಪ್ಯೂಟರಿನಲ್ಲಿ ಬಂದು ಕೂರುತ್ತವೆ. ಅವು ಕೆಡಬಾರದು, ಕಳೆಯಬಾರದು, ಡಾಕ್ಟರು ಕೇಳಿದ ಕೂಡಲೇ ಸಿಗಬೇಕು. ಹಾಗೆ ನೋಡಿಕೊಳ್ಳುವವರಿಗೆ ಡೇಟಾಬೇಸಿನವರು ಎನ್ನುತ್ತಾರೆ. ಅಂಥ ನಾಲ್ವರ ಮೇಲೆ ಇವಳು.

ಆದರೆ ಆ ಕುರ್ಚಿ ಇನ್ನೂ ಗಟ್ಟಿಯಾಗಿರಲಿಲ್ಲ. ಮೂರು ತಿಂಗಳು ನೋಡುತ್ತೇವೆ ಎಂದಿದ್ದರು. ಮೊದಲ ಕೆಲಸ, ನಾಲ್ವರಿಗೂ ವರ್ಷದ ಗುರಿಗಳನ್ನು ಬರೆದು ಕೊಡುವುದು. ಗುರಿ ಎಂದರೆ ಅಳೆಯಲು ಬರುವಂಥದ್ದು. ಇವಳು, ಡೇಟಾ ಸುರಕ್ಷಿತವಾಗಿ ಇಡುವುದು, ಕೆಲಸ ಚುರುಕು ಮಾಡುವುದು ಎಂದು ಬರೆದು ಕೊಟ್ಟಳು. ಮ್ಯಾನೇಜರ್ ಮೇಡಂ ಹಿಂದೆ ಕಳಿಸಿದರು. ಸುರಕ್ಷಿತ ಎಂದರೆ ಎಷ್ಟು? ಚುರುಕು ಎಂದರೆ ಎಷ್ಟು? ಅಳೆಯುವವರು ಯಾರು? ಹದಿನೈದು ದಿನ ಕೊಟ್ಟಿದ್ದೇನೆ, ಮತ್ತೆ ಇಂಥದ್ದೇ ತಂದರೆ ಆ ಜಾಗಕ್ಕೆ ಇನ್ನೊಬ್ಬ ತಯಾರಿದ್ದಾನೆ ಎಂದರಂತೆ.

ಆ ಶನಿವಾರ ಮೊಮ್ಮಗಳು ಬರುವಾಗ ಕೈಯಲ್ಲಿ ಒಂದು ಕೆಂಪು ಫೈಲು ಇತ್ತು. ಮಲಾಡ್ ಅಜ್ಜ ಮಾಡಿಕೊಟ್ಟದ್ದು ಎಂದಳು. ಒಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆ, ಗೆರೆ ಎಳೆದ ಕಾಲಂಗಳು. ಓದಿ ಕನ್ನಡದಲ್ಲಿ ಹೇಳು ಎಂದೆ. ಬ್ಯಾಕಪ್, ಅಂದರೆ ಎಲ್ಲ ವರದಿಗಳ ಇನ್ನೊಂದು ನಕಲನ್ನು ಬೇರೆ ಕಡೆ ತೆಗೆದಿಡುವುದು, ನೂರಕ್ಕೆ ನೂರು ದಿನ ಆಗಬೇಕು. ಲ್ಯಾಬುಗಳಿಂದ ದೂರು ಸೊನ್ನೆ ಇರಬೇಕು. ಒಬ್ಬೊಬ್ಬರು ತಿಂಗಳಿಗೆ ನಲವತ್ತು ಕೆಲಸದ ಚೀಟಿ ಮುಗಿಸಬೇಕು.

ಚಂದ ಉಂಟು ಎಂದೆ. ಫೈಲು ಮುಚ್ಚಿ ಅವಳ ಕಡೆ ಸರಿಸಿದೆ.

"ನಿಮ್ಗೆ ಅರ್ಥ ಆಯ್ತಾ ಅಜ್ಜ?" ಎಂದು ಕೇಳಿದಳು. ಪಾಪ, ಪ್ರೀತಿಯಿಂದಲೇ ಕೇಳಿದ್ದು. ನನಗೆ ಮಾತ್ರ ಒಗ್ಗರಣೆಯ ಎಣ್ಣೆ ಸಿಡಿದ ಹಾಗಾಯಿತು.

"ನಾನೂ ಜನರಿಂದ ಕೆಲಸ ಮಾಡಿಸುವವನೇ ಅಲ್ವಾ ಮಗಾ. ಬರುವ ಆದಿತ್ಯವಾರ ಹೋಟೆಲಿಗೆ ಬಾ. ರಾಯರನ್ನೂ ಕರ್ಕೊಂಡು ಬಾ. ಗುರಿ ಹಾಕುದು ಹೇಗೆ ಅಂತ ತೋರಿಸ್ತೇನೆ."

ಹೀಗೆ, ಡೇಟಾಬೇಸಿನವರ ಗುರಿಗಳನ್ನು ತಿದ್ದಲು ನಾನು ನನ್ನ ಅಡುಗೆಮನೆಯಲ್ಲಿ ಗುರಿ ಹಾಕಲು ಹೊರಟೆ. ಹಟ ಇದ್ದದ್ದು ರಾಯರ ಮೇಲೆ, ಹೊರೆ ಬಿದ್ದದ್ದು ನನ್ನ ಜನರ ಮೇಲೆ.

ಸೋಮವಾರ ಬೆಳಿಗ್ಗೆ ದೊಡ್ಡ ಕ್ಯಾಲೆಂಡರಿನ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ದೋಸೆಯವನಿಗೆ: ಆರ್ಡರು ಬಂದ ಆರು ನಿಮಿಷದೊಳಗೆ ಮಸಾಲೆ ದೋಸೆ. ಬಡಿಸುವವರಿಗೆ: ಹಿಂದೆ ಬಂದ ತಟ್ಟೆ ಸೊನ್ನೆ. ಪಾತ್ರೆ ತೊಳೆಯುವ ಮೌಶಿಗೆ: ಅಡುಗೆಮನೆಯಲ್ಲಿ ಲೋಹದ್ದು ಏನೇ ಇರಲಿ, ಮುಖ ಕಾಣುವಷ್ಟು ಹೊಳೆಯಬೇಕು. ಉಗ್ರಾಣ ನನ್ನದೇ: ಹೆಚ್ಚಿಗೆ ಇಟ್ಟ ಸಾಮಾನು, ಅಂದರೆ ಗ್ಯಾಸಿನ ರೆಗ್ಯುಲೇಟರು, ಗ್ರೈಂಡರಿನ ಬೆಲ್ಟು, ಎರಡನೆಯ ಕಾವಲಿ, ದಿನಾ ಜಾಗದಲ್ಲಿ ಇರಬೇಕು. ಪ್ರತಿಯೊಂದರ ಮುಂದೆ ದಿನಕ್ಕೊಂದು ಟಿಕ್. ಮೌಶಿಗೆ ಓದಲು ಬಾರದು, ಅವಳಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಸಾಬ್ ಜೈಸಾ ಬೋಲೇ ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ನಮ್ಮಲ್ಲಿ ಒಂದು ರೂಢಿ ಇತ್ತು. ದೋಸೆ ಹೊಯ್ಯುವ ದೊಡ್ಡ ಬೀಡಿನ ಕಾವಲಿ ಒಲೆಯ ಮೇಲೆ ಇರುತ್ತದೆ. ಅಂಥದ್ದೇ ಇನ್ನೊಂದು, ಮುಖ ಗೋಡೆಗೆ ಮಾಡಿ, ಗೂಟದಲ್ಲಿ ತೂಗುತ್ತದೆ. ಮಂಗಳವಾರ ಬೆಳಿಗ್ಗೆ ಆ ಎರಡನೆಯದನ್ನು ಇಳಿಸಿ, ಅರ್ಧ ಈರುಳ್ಳಿಗೆ ಎಣ್ಣೆ ಅದ್ದಿ ಉಜ್ಜಿ, ದಿನದ ಮೊದಲ ಇಪ್ಪತ್ತು ದೋಸೆಗಳನ್ನು ಅದರ ಮೇಲೆಯೇ ಹೊಯ್ಯುವುದು. ನನಗೆ ಕೆಲಸ ಕಲಿಸಿದ ಹಳೆಯ ಭಟ್ಟರು ಹಾಕಿಕೊಟ್ಟ ಕ್ರಮ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಮಂಗಳವಾರ ದೋಸೆಯವ, ಕಾವಲಿ ಇಳಿಸುವುದಾ ಭಟ್ರೇ ಎಂದು ನನ್ನನ್ನು ಕೇಳಿದ. ಆ ಇಪ್ಪತ್ತು ದೋಸೆ ನಿಧಾನ. ಆರು ನಿಮಿಷದ ಸಾಲಿನಲ್ಲಿ ಟಿಕ್ ತಪ್ಪುತ್ತದೆ. ಈ ವಾರ ಬೇಡ ಎಂದೆ.

ಬುಧವಾರ, ಗುರುವಾರ, ಶುಕ್ರವಾರ, ಎಲ್ಲ ಟಿಕ್. ಒಂದೂ ತಟ್ಟೆ ಹಿಂದೆ ಬರಲಿಲ್ಲ. ನನ್ನ ಆಯುಷ್ಯದಲ್ಲಿ ಅಂಥ ವಾರ ನೋಡಿರಲಿಲ್ಲ, ನೋಡಿರದ ಕಾರಣಕ್ಕೇ ಅನುಮಾನ ಬರಬೇಕಿತ್ತು. ಬದಲಿಗೆ ಮಲಾಡಿಗೆ ಫೋನು ಮಾಡಿದೆ. ಎತ್ತಿದ್ದು ರಾಯರೇ. ಬಹಳ ಆಸಕ್ತಿಯಿಂದ ಕಾಯುತ್ತಿದ್ದೇವೆ ಎಂದರು. ಅವರ ಆ ಸಭ್ಯ ಮಾತಿನ ಮೇಲೆಯೂ ನನಗೆ ಸಿಟ್ಟು.

ಮೊಮ್ಮಗಳು ಆ ಶನಿವಾರ ಮಲಾಡಿನಲ್ಲೇ ಉಳಿದಳು. ಆದಿತ್ಯವಾರ ಒಂಬತ್ತು ಗಂಟೆಗೆ ರಾಯರೂ ಅವಳೂ ಒಟ್ಟಿಗೆ ಬಂದರು. ಹೊರಗೆ ಜಾಗಕ್ಕಾಗಿ ಜನ ಸಾಲು ನಿಂತಿದ್ದರು. ರಾಯರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕನ್ನಡಕ ಏರಿಸಿ, ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಿದ್ದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಆಗಲೇ ಟಣ್ ಎಂದು ಸದ್ದಾಯಿತು. ದೋಸೆಯವ ಅವಸರದಲ್ಲಿ ಒಂದು ಚೊಂಬು ನೀರನ್ನು ಕಾದ ಕಾವಲಿಗೆ ಒಮ್ಮೆಗೇ ಸುರಿದಿದ್ದ. ಅಂಚಿನಿಂದ ನಡುವಿನವರೆಗೆ ಬಿರುಕು.

ಪರವಾಗಿಲ್ಲ, ಎರಡನೆಯದು ಇಳಿಸು ಎಂದೆ. ರಾಯರಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಇಬ್ಬರು ಹೊತ್ತು ತಂದರು. ಅದರಲ್ಲಿ ನನ್ನ ಮುಖ ಕಾಣಿಸಿತು. ಕಪ್ಪಗೆ ನುಣ್ಣಗೆ ಇರಬೇಕಾದ ಕಾವಲಿ ಬೆಳ್ಳಿಯ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಅಡುಗೆ ಮಾಡುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಹೇಳುತ್ತೇನೆ: ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಕಪ್ಪು ಪದರವೇ ದೋಸೆಯನ್ನು ಎಬ್ಬಿಸುವುದು. ಅದನ್ನು ತಿಕ್ಕಿ ತೆಗೆದರೆ ಉಳಿಯುವುದು ಬರೀ ಕಬ್ಬಿಣ. ಮೊದಲ ದೋಸೆ ಅಂಟಿತು. ಎರಡನೆಯದು ಅಂಟಿತು. ಹನ್ನೆರಡನೆಯದನ್ನು ಸೌಟಿನಿಂದ ಕೆರೆದು ತೆಗೆದಾಗ ಅದು ಉಪ್ಪಿಟ್ಟಿನ ಹಾಗೆ ಕಾಣುತ್ತಿತ್ತು. ಮತ್ತೆ ಪಳಗಿಸಲು ಒಂದು ದಿನ ಪೂರ್ತಿ ಬೇಕು. ಆದಿತ್ಯವಾರ ಬೆಳಿಗ್ಗೆ ಚೆಂಬೂರಿನಲ್ಲಿ, ದೋಸೆ ಇಲ್ಲ, ಇಡ್ಲಿ ವಡೆ ಮಾತ್ರ ಎಂದು ಧಣಿಗಳೇ ಎದ್ದುಹೋಗಿ ಸಾಲಿನವರಿಗೆ ಹೇಳಿದರು. ಸಾಲು ಕರಗುವುದನ್ನು ನಾನು ಒಳಗಿನಿಂದ ನೋಡಿದೆ.

ಮೌಶಿಯನ್ನು ಕೇಳಿದೆ. ಸೋಮವಾರ ಸಂಜೆಯೇ ಬಡಿಸುವ ಹುಡುಗರ ಕೈಯಲ್ಲಿ ಇಳಿಸಿಕೊಂಡು, ಇಟ್ಟಿಗೆ ಪುಡಿ ಸೋಪು ಹಾಕಿ ಎರಡು ಗಂಟೆ ತಿಕ್ಕಿದೆ ಎಂದಳು. ಎಷ್ಟು ಕಪ್ಪಗಿತ್ತು ಗೊತ್ತೇ, ಇಷ್ಟು ದಿನ ಯಾರೂ ನೋಡಿಯೇ ಇರಲಿಲ್ಲ ಎಂದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಹೊಳೆಯಬೇಕು ಎಂದು ಹೇಳಿದವನು ನಾನು. ಜಾಗದಲ್ಲಿದೆಯೇ ಎಂದು ಮಾತ್ರ ನೋಡಿ, ಆರು ದಿನ ಟಿಕ್ ಹಾಕಿದವನೂ ನಾನು. ಹಿಂದೆ ಬಂದ ತಟ್ಟೆಯ ಸೊನ್ನೆಯ ಕಥೆಯೂ ಆಗಲೇ ಹೊರಬಂತು. ಬಂದಿದ್ದವಂತೆ, ಆ ವಾರ ಏಳು. ಸೊನ್ನೆ ಕೆಡಬಾರದೆಂದು ಬಡಿಸುವವರು ಸದ್ದಿಲ್ಲದೆ ಬದಲಿಸಿ ಕೊಟ್ಟಿದ್ದರು.

"ಎಲ್ಲ ಸರಿ ಅಂತ ಬರ್ದಿದೆಯಲ್ಲ ಭಟ್ರೇ," ಎಂದರು ರಾಯರು. ಕುಹಕ ಇರಲಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಕುಹಕ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮೊಮ್ಮಗಳು ಮಾತ್ರ ಕಾವಲಿಯನ್ನೇ ನೋಡುತ್ತಿದ್ದಳು. "ಅಜ್ಜ, ಇದ್ರಲ್ಲಿ ಲಾಸ್ಟ್ ದೋಸೆ ಮಾಡಿದ್ದು ಯಾವಾಗ?"

ಸುಳ್ಳು ಹೇಳಲು ಅವಕಾಶ ಇತ್ತು. ಮೌಶಿಯ ಮೇಲೆ ಹಾಕಬಹುದು, ದೋಸೆಯವನ ನೀರಿನ ಮೇಲೆ ಹಾಕಬಹುದು. ರಾಯರು ಎದುರಿಗೇ ಇದ್ದರು. ಅವರ ಅಂಗಿಯ ಮೇಲೆ ಒಂದು ಸುಕ್ಕಿಲ್ಲ, ನನ್ನದರ ಮೇಲೆ ಹಿಟ್ಟು. ಆದರೆ ಅವಳ ಕೈಯಲ್ಲಿದ್ದ ಕೆಂಪು ಫೈಲು ಕಣ್ಣಿಗೆ ಬಿತ್ತು. ಅವಳಿಗೆ ಉಳಿದಿದ್ದದ್ದು ಆರು ದಿನ. ನನ್ನ ಮಾನ ಉಳಿಸಿಕೊಂಡು ಅವಳಿಗೆ ತಪ್ಪು ಪಾಠ ಹೇಳಿಕೊಟ್ಟರೆ, ಆ ಕುರ್ಚಿಯನ್ನು ಕಿತ್ತುಕೊಂಡವನು ನಾನೇ ಆಗುತ್ತೇನೆ.

"ಮಂಗಳವಾರ ಮಾಡ್ಬೇಕಿತ್ತು ಮಗಾ. ಪ್ರತಿ ಮಂಗಳವಾರ ಮಾಡುದು. ಈ ಸಲ ನಾನೇ ಬೇಡ ಅಂದೆ, ಆರು ನಿಮಿಷದ ಟಿಕ್ ತಪ್ತದೆ ಅಂತ. ಅವತ್ತು ಇಳಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು. ಪಳಗಿಸ್ಲಿಕ್ಕೆ ಐದು ದಿನ ಇತ್ತು."

ಹಳೆಯ ಭಟ್ಟರು ಹೇಳದೆ ಬಿಟ್ಟ ಕಾರಣ ನನಗೆ ಹೊಳೆದದ್ದು ಅದನ್ನು ಹೇಳುವಾಗಲೇ.

ಅವಳು ಫೈಲು ತೆರೆದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ನಮ್ಮ ಬ್ಯಾಕಪ್ ಕೂಡ ಗೋಡೆ ಮೇಲಿನ ಕಾವಲಿನೇ. ಡೇಲಿ ಗ್ರೀನ್ ಟಿಕ್ ಬರ್ತದೆ. ಅದನ್ನ ಇಳಿಸಿ ದೋಸೆ ಯಾರೂ ಹಾಕಿಲ್ಲ ಅಜ್ಜ. ನಾನು ಜಾಯಿನ್ ಆದ್ಮೇಲೆ ಒಂದ್ ಸಲಾನೂ ಇಲ್ಲ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟೆಲ್ಲ ಅವಮಾನದ ನಡುವೆಯೂ ನನ್ನ ಹೊಟ್ಟೆಯೊಳಗೆ ಸ್ವಲ್ಪ ತಣ್ಣಗಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆದದ್ದು ಹೌದು.

ಸೋಮವಾರ ಆಫೀಸಿನಲ್ಲಿ ಅವಳು ಬೇರೊಂದು ಖಾಲಿ ಯಂತ್ರದ ಮೇಲೆ ಆ ನಕಲನ್ನು ಬಿಚ್ಚಿ ಹರಡಲು ಹೋದಳು. ಫೈಲುಗಳೆಲ್ಲ ಜಾಗದಲ್ಲಿದ್ದವು, ಒಂದೂ ತೆರೆಯಲಿಲ್ಲ. ಕಳ್ಳರ ಕೈಗೆ ಸಿಗಬಾರದೆಂದು ನಕಲಿಗೆ ಬೀಗ ಹಾಕಿ ಇಡುತ್ತಾರಂತೆ. ಆ ಬೀಗದ ಕೀಲಿ ಇದ್ದದ್ದು ಕೆಲಸ ಬಿಟ್ಟು ಹೋದ ಒಬ್ಬನ ಕಂಪ್ಯೂಟರಿನಲ್ಲಿ. ಅವನು ಹೋದ ಮೇಲೆ ಅದನ್ನು ಪೂರ್ತಿ ಅಳಿಸಿ ಇನ್ನೊಬ್ಬರಿಗೆ ಕೊಟ್ಟಿದ್ದರು. ಎಷ್ಟೋ ತಿಂಗಳಿಂದ ದಿನಾ ಹಸಿರು ಟಿಕ್, ಒಳಗೆ ಯಾರಿಗೂ ಸಿಗದ ಗಂಟು. ಆ ದಿನಗಳಲ್ಲಿ ಮುಖ್ಯ ಯಂತ್ರ ಕೈಕೊಟ್ಟಿದ್ದರೆ ಅಷ್ಟೂ ಜನರ ವರದಿ ಹೋದ ಹಾಗೆಯೇ. ನಾಲ್ವರೂ ಸೇರಿ ಹೊಸ ಕೀಲಿ ಮಾಡಿ, ಅದನ್ನು ಎರಡು ಕಡೆ ಇಟ್ಟು, ಹೊಸ ನಕಲು ತೆಗೆದು, ಅದು ತೆರೆಯುತ್ತದೆ ಎಂದು ನೋಡಿದ ಮೇಲೆಯೇ ಎದ್ದರಂತೆ.

ಮಂಗಳವಾರ ಸಂಜೆ ಅವಳು ಚೆಂಬೂರಿಗೆ ಬಂದಳು. ವಾರದ ನಡುವೆ. ಮಲಾಡಿನ ಪಾಲಿನ ದಿನದಲ್ಲಿ ಒಂದನ್ನು ಮುರಿದುಕೊಂಡು. ಖುಷಿಗೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ, ಹಿಂದಿನಿಂದ ರಾಯರೂ ಒಳಗೆ ಬರುವುದನ್ನು ನೋಡುವವರೆಗೆ.

ಚಹಾದ ಗದ್ದಲ ಇಳಿದಿತ್ತು. ಮೂವರೂ ಮೂಲೆಯ ಮೇಜಿನಲ್ಲಿ ಕೂತೆವು. ಒಂದೊಂದು ಗುರಿಯನ್ನೂ ಅವಳು ಓದುವಳು, ನಾನು ಒಂದೇ ಪ್ರಶ್ನೆ ಕೇಳುವುದು: ಕೆಲಸ ಮಾಡದೆಯೇ ಇದಕ್ಕೆ ಟಿಕ್ ಹಾಕಿಸಿಕೊಳ್ಳುವುದು ಹೇಗೆ? ಏಳು ತಟ್ಟೆ ಮುಚ್ಚಿಟ್ಟವರ ಯಜಮಾನನಿಗೆ ಆ ಪ್ರಶ್ನೆ ಕೇಳಲು ಹಕ್ಕಿತ್ತು. ದೂರು ಸೊನ್ನೆ ಎಂದರೆ ದೂರು ಬರೆದುಕೊಳ್ಳುವುದನ್ನೇ ಬಿಡುತ್ತಾರೆ. ನಲವತ್ತು ಚೀಟಿ ಎಂದರೆ ದೊಡ್ಡ ಕೆಲಸವನ್ನು ಬದಿಗಿಟ್ಟು ಸಣ್ಣವನ್ನು ಮುಗಿಸುತ್ತಾರೆ, ಒಂದನ್ನು ಎರಡು ಮಾಡುತ್ತಾರೆ. ರಾಯರ ಹಾಳೆಯ ಮೇಲೆ ಗೀಟು ಬೀಳುವಾಗೆಲ್ಲ ನಾನು ಚಹಾ ಹೀರುತ್ತಿದ್ದೆ.

ಆಮೇಲೆ ರಾಯರು ಬಾಯಿ ತೆರೆದರು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಹಾಗೆಯೇ ಮಾಡುವವನು ಬೇರೆ, ಅಳೆಯುವವನು ಬೇರೆ ಇರಬೇಕು ಎಂದರು. ನಿಮ್ಮ ಕಾವಲಿಗೆ ನೀವೇ ಟಿಕ್ ಹಾಕಿಕೊಂಡಿರಿ ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇನ್ನೊಂದು ಮಾತು ಹೇಳಿದರು.

"ಈಗ ಎಷ್ಟಿದೆ ಅಂತ ಅಳೆಯದೆ, ಎಷ್ಟಾಗ್ಬೇಕು ಅಂತ ಬರೆದ್ರೆ ಅದು ಗುರಿ ಅಲ್ಲ ಭಟ್ರೇ. ಆಸೆ."

ಎಂಥ ಮಾತು. ಅದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ಉರಿಯುತ್ತದೆ. ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ನನ್ನ ಪ್ರಶ್ನೆಗೆ ಒಂದೇ ಗೆರೆ ಎಳೆದಿದ್ದಳು.

ಗಡುವಿಗೆ ಒಂದು ದಿನ ಇರುವಾಗ ಹೊಸ ಹಾಳೆ ಹೋಯಿತು. ತಿಂಗಳಿಗೊಮ್ಮೆ, ಯಾವ ದಿನವೆಂದು ಮೊದಲೇ ಹೇಳದೆ, ಪೂರ್ತಿ ನಕಲನ್ನು ಬೇರೆ ಯಂತ್ರದ ಮೇಲೆ ಬಿಚ್ಚಿ ನಿಲ್ಲಿಸಬೇಕು. ಎರಡು ಗಂಟೆಯೊಳಗೆ ಆಗಬೇಕು. ಕೊನೆಯ ಹದಿನೈದು ನಿಮಿಷಕ್ಕಿಂತ ಹೆಚ್ಚಿನ ವರದಿಗಳು ಕಳೆದಿರಬಾರದು. ನಕಲು ತೆಗೆದವನಲ್ಲದೆ ಬೇರೆಯವನು ಗಡಿಯಾರ ಹಿಡಿಯಬೇಕು. ವರದಿಗಳ ಅತಿ ನಿಧಾನವಾದ ಹತ್ತು ಹುಡುಕಾಟಗಳ ಸಮಯವನ್ನು ಲ್ಯಾಬುಗಳ ನೂಕುನುಗ್ಗಲಿನ ಹೊತ್ತಿನಲ್ಲಿ ಈಗಲೇ ಅಳೆದು ಬರೆದಿಟ್ಟು, ಮೂರು ತಿಂಗಳಲ್ಲಿ ಅರ್ಧಕ್ಕೆ ಇಳಿಸಬೇಕು. ದೂರಿನ ಸೊನ್ನೆ ಹೋಗಿ, ಹತ್ತು ತೊಂದರೆಗಳಲ್ಲಿ ಎಂಟಾದರೂ ಲ್ಯಾಬಿನವರು ಫೋನು ಮಾಡುವ ಮೊದಲೇ ನಮಗೆ ಗೊತ್ತಾಗಿರಬೇಕು ಎಂದಾಯಿತು. ಮತ್ತೆ, ಒಬ್ಬ ಬರೆದಿಟ್ಟ ಕೆಲಸದ ಕ್ರಮವನ್ನು ನೋಡಿಕೊಂಡು ಇನ್ನೊಬ್ಬ, ಯಾರನ್ನೂ ಕೇಳದೆ, ಆ ಕೆಲಸ ಮಾಡಿ ಮುಗಿಸಬೇಕು.

ಮೇಡಂ ಎರಡು ಸಲ ಓದಿದರಂತೆ. ಮೊದಲ ತಿಂಗಳ ಪ್ರಯೋಗಕ್ಕೆ ತಾವೇ ಬಂದು ಕೂತರಂತೆ. ಎರಡು ಗಂಟೆಯ ಗುರಿ. ಆದದ್ದು ಮೂರು ಗಂಟೆ ಹತ್ತು ನಿಮಿಷ. ಮೊಮ್ಮಗಳು ಫೋನಿನಲ್ಲಿ ಇದನ್ನು ಹೇಳುವಾಗ ಕುರ್ಚಿ ಹೋಯಿತು ಎಂದುಕೊಂಡೆ. ಅವಳು ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಬಂದ ಮೊದಲ ನಿಜವಾದ ಸಂಖ್ಯೆ ಇದು ಎಂದರಂತೆ ಮೇಡಂ. ಕುರ್ಚಿ ಅವಳದ್ದೇ ಎಂದು ಕಾಗದ ಬಂತು. ಆ ಸುದ್ದಿ ನನಗೆ ಮೊದಲು ಬಂತು. ಎಷ್ಟು ಗಂಟೆಗೆ ಎಂದು ರಾಯರನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದೇನೆ.

ಆಫೀಸಿನಲ್ಲಿ ಆ ತಿಂಗಳ ಪ್ರಯೋಗಕ್ಕೆ ಈಗ ಟ್ಯೂಸ್‌ಡೇ ದೋಸಾ ಎಂದೇ ಹೆಸರು. ಕನ್ನಡ ಬಾರದವರೂ ಹಾಗೆಯೇ ಅನ್ನುತ್ತಾರೆ. ರಾಯರು ತಮ್ಮ ಸೊಸೈಟಿಯ ಬೆಂಚಿನಲ್ಲಿ ಕೂತು ಈ ಕಥೆಯನ್ನು ಎಲ್ಲರಿಗೂ ಹೇಳುತ್ತಾರಂತೆ. ಅವರು ಹೇಳುವಾಗ ತಿಜೋರಿಯ ಭಾಗ ದೊಡ್ಡದಾಗಿ, ಕಾವಲಿಯ ಭಾಗ ಚಿಕ್ಕದಾಗಿ ಬರುತ್ತದೆ ಎಂದು ಕೇಳಿದೆ.

ಇದನ್ನು ನಾನು ಮನೆಯಲ್ಲಿ ಬಹಳ ಸಲ ಹೇಳಿರಬೇಕು. ಮೊಮ್ಮಗಳು ನನಗೂ ಒಂದು ಗುರಿ ಬರೆದುಕೊಟ್ಟಳು: ಮಲಾಡ್ ಅಜ್ಜನ ಮೇಲೆ ಕೊಂಕು ಮಾತು ವಾರಕ್ಕೆ ಎರಡಕ್ಕಿಂತ ಹೆಚ್ಚು ಇರಬಾರದು. ಅಳೆಯುವವಳು ನನ್ನ ಹೆಂಡತಿ. ಫ್ರಿಜ್ಜಿನ ಮೇಲೆ ಕ್ಯಾಲೆಂಡರು ಅಂಟಿಸಿದ್ದಾಳೆ, ಬಹಳ ಶ್ರದ್ಧೆಯಿಂದ ಗೀಟು ಹಾಕುತ್ತಾಳೆ. ಈ ಬರಹವನ್ನು ಓದಲು ಕೊಟ್ಟರೆ ತಿಂಗಳ ಪಾಲು ಒಂದೇ ಸಲಕ್ಕೆ ಮುಗಿಯುತ್ತದೆ.

ಹೋದ ಆದಿತ್ಯವಾರ ಗೊತ್ತಾಯಿತು, ಇಂಥದ್ದೇ ಒಂದು ಗುರಿ ರಾಯರಿಗೂ ಇದೆ, ನನ್ನ ಬಗ್ಗೆ. ಅವರಿಗೆ ವಾರಕ್ಕೆ ನಾಲ್ಕು. ನನಗೆ ಎರಡು, ಅವರಿಗೆ ನಾಲ್ಕು! ಇದರಲ್ಲೂ ಅವರಿಗೇ ಹೆಚ್ಚು ಯಾಕೆ ಎಂದು ಮೊಮ್ಮಗಳನ್ನು ಕೇಳಿಯೇ ಬಿಟ್ಟೆ.

"ಈಗ ಎಷ್ಟಿದೆ ಅಂತ ಮೊದ್ಲು ಅಳೀಬೇಕಲ್ವಾ ಅಜ್ಜ," ಎಂದಳು. "ನಿಮ್ದು ವಾರಕ್ಕೆ ಐದಿತ್ತು. ಅವರ್ದು ಒಂಬತ್ತು. ನಾನು ಊಟಕ್ಕೆ ಕೂತ್ಕೊಂಡು ಚೆಂಬೂರ್ ಸಾಂಬಾರ್ ಸೂಪರ್ ಅಂತ ಶುರು ಮಾಡಿದ್ರೆ ಸಾಕು."

ಒಂಬತ್ತು. ಐದು ದಿನ ಮೊಮ್ಮಗಳನ್ನು ಮನೆಯಲ್ಲಿ ಇಟ್ಟುಕೊಂಡ ಮನುಷ್ಯ, ಇಂಗ್ಲಿಷ್ ಪೇಪರನ್ನು ಕೊನೆಯ ಪುಟದವರೆಗೆ ಓದುವ ಮನುಷ್ಯ, ನನ್ನ ಮೇಲೆ, ವಾರಕ್ಕೆ ಒಂಬತ್ತು ಸಲ.

ಮಂಗಳವಾರ ಬೆಳಿಗ್ಗೆ, ಮತ್ತೆ ಪಳಗಿಸಿ ಗೂಟಕ್ಕೆ ಏರಿಸಿದ್ದ ಎರಡನೆಯ ಕಾವಲಿಯನ್ನು ಇಳಿಸಿದರು. ದೋಸೆಯವನನ್ನು ಸರಿಸಿ, ಈರುಳ್ಳಿ ಉಜ್ಜಿ, ಮೊದಲನೆಯದನ್ನು ನಾನೇ ಹೊಯ್ದೆ. ಸೌಟು ತಾಗಿಸುವ ಮೊದಲೇ ಅಂಚು ಬಿಟ್ಟುಕೊಂಡು ಎದ್ದು ಬಂತು.